ಎಡಗಡೆಯ ಹೊಲಿಗೆ

ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ಹುಡುಕುತ್ತಿದ್ದಾಗ ಮೊನ್ನೆ ಹಳೆಯ ಟ್ರಂಕಿನ ತಳದಲ್ಲಿ ಒಂದು ಕಂದು ರವಿಕೆ ಸಿಕ್ಕಿತು. ಮೂಗಿನ ಹತ್ತಿರ ಹಿಡಿದೆ. ಈಗ ಬರೀ ಡಾಂಬರು ಗುಳಿಗೆಯ ವಾಸನೆ. ಆಗೆಲ್ಲ ಅದಕ್ಕೆ ಆಸ್ಪತ್ರೆಯ ಫಿನಾಯಿಲ್ ವಾಸನೆಯಿತ್ತು...

ಅರವತ್ತರ ದಶಕ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಜೋರಾಗಿ ನಡೆದಿತ್ತು. ನಮ್ಮ ಯಜಮಾನರು ಅಲ್ಲಿ ಲಾರಿ ಓಡಿಸುತ್ತಿದ್ದರು, ನಾನು ಕಾರ್ಗಲ್ಲಿನ ಲೈನ್ ಮನೆಯಲ್ಲಿ ಕೂತು ರವಿಕೆ ಹೊಲಿಯುತ್ತಿದ್ದೆ. ಪಕ್ಕದ ಮನೆಯಲ್ಲಿ ಆಸ್ಪತ್ರೆಯ ಆಯಾ ಇದ್ದರು. ಒಂಟಿ ಹೆಂಗಸು, ಬಾಯಿ ಜೋರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನನ್ನ ಹೆರಿಗೆಗೆ ಹೊಸನಗರದಿಂದ ಅಮ್ಮ ಬಂದು ಮುಟ್ಟುವಷ್ಟರಲ್ಲಿ, ಈ ಅಕ್ಕ ಮಗುವಿಗೆ ಎರಡು ಸಲ ನೀರು ಹಾಕಿ ನನ್ನನ್ನು ನಾಲ್ಕು ಸಲ ಬೈದಾಗಿತ್ತು.

ಆಗ ನಮ್ಮಲ್ಲಿ ಯಾವ ಹೆಂಗಸೂ ಮೈಗೆ ಟೇಪು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಸರಿಯಾಗಿ ಕೂರುವ ಹಳೆಯ ರವಿಕೆಯನ್ನು ಅಳತೆಗೆಂದು ಕೊಟ್ಟು ಹೋಗುವುದು, ನಾನು ಅದನ್ನು ಹೊಸ ಬಟ್ಟೆಯ ಮೇಲೆ ಹಾಸಿ ಕತ್ತರಿಸುವುದು. ಅಕ್ಕನ ಅಳತೆ ರವಿಕೆ ಈ ಕಂದು ಬಣ್ಣದ್ದು.

ಗಣೇಶನ ಹಬ್ಬದ ಹಿಂದಿನ ದಿನ ಅದನ್ನು ತಂದು ನನ್ನ ಮಡಿಲಿಗೆ ಎಸೆದು, "ಎಡಗಡೆ ಕಂಕುಳ ಹತ್ರ ಬಿಗೀತದೆ ಮಾರಾಯ್ತಿ, ಸ್ವಲ್ಪ ಬಿಚ್ಚಿ ಕೊಡು. ಹೊಸದಕ್ಕೂ ಇದೇ ಅಳತೆ" ಎಂದರು. ಹೊಲಿಗೆ ಬಿಚ್ಚಿ, ಒಳಗೆ ಮಡಿಚಿದ್ದ ಬಟ್ಟೆಯನ್ನು ಸ್ವಲ್ಪ ಹೊರಗೆ ಬಿಟ್ಟು ಕೊಟ್ಟೆ. ದೀಪಾವಳಿ ಕಳೆದ ಮೇಲೆ ಮತ್ತೆ ಅದೇ ಮಾತು. ಬೇಸಿಗೆಗೆ ಮತ್ತೊಮ್ಮೆ. "ಉಂಡಿದ್ದೆಲ್ಲ ಒಂದೇ ಕಡೆ ಸೇರ್ತಿದೆ ನಿಮಗೆ" ಎಂದು ಚೇಷ್ಟೆ ಮಾಡಿದೆ. ಅಕ್ಕ ನಕ್ಕರು. ನಾನೂ ನಕ್ಕೆ. ನೆನೆದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದೇ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಒಬ್ಬ ಲೇಡಿ ಡಾಕ್ಟರು ಬಂದರು. ಬಡ ಹೆಂಗಸರಿಗೆ ಎದೆ ಪರೀಕ್ಷೆ, ಪೂರ್ತಿ ಪುಕ್ಕಟೆ. ಎದೆಯಲ್ಲಿ ಗಂಟಾಗುತ್ತದೆ, ಅದು ಜೀವ ತೆಗೆಯುತ್ತದೆ ಎಂಬುದೇ ನಮಗೆ ಹೊಸ ಸುದ್ದಿ. ನಾಚಿಕೆ ಬಿಟ್ಟು ಯಾರು ಹೋಗುತ್ತಾರೆ? ಅಕ್ಕ ಕೂಲಿಯವರ ಗುಡಿಸಲು ಗುಡಿಸಲಿಗೆ ನುಗ್ಗಿ, "ಡಾಕ್ಟ್ರೂ ಹೆಂಗಸೇ ಕಣ್ರೇ, ನಿಮ್ಮನ್ನೇನು ತಿಂತಾರಾ?" ಎಂದು ಗದರಿಸಿ ಎಲ್ಲರನ್ನೂ ಎಳೆದು ತಂದರು. ಪರೀಕ್ಷೆಯ ಕೋಣೆಗೆ ಬಾಗಿಲಿರಲಿಲ್ಲ. ಅಕ್ಕನೇ ಅಡ್ಡಲಾಗಿ ಒಂದು ಸೀರೆ ಹಿಡಿದು ನಿಂತರು.

ನನ್ನ ಸರದಿ ಬಂತು. ಡಾಕ್ಟರು ಕೈಯಿಂದ ಒತ್ತಿ ನೋಡುತ್ತಾ ಕೇಳಿದರು: "ಕಂಕುಳಲ್ಲಿ ಗಂಟಿದೆಯಾ? ರವಿಕೆ ಒಂದೇ ಕಡೆ ಬಿಗಿಯಾಗುತ್ತಾ?"

ನನಗಲ್ಲ... ಮೂರು ಸಲ ಬಿಚ್ಚಿದ್ದೆ, ಮೂರು ಸಲವೂ ಎಡಗಡೆಯೇ. ಅಡ್ಡ ಹಿಡಿದ ಸೀರೆಯತ್ತ ತಿರುಗಿದೆ. ಅಕ್ಕನಿಗೆ ಎಡಗೈ ಮೇಲೆತ್ತಲಾಗದೆ ಸೀರೆ ಆ ಕಡೆ ಇಳಿಬಿದ್ದಿತ್ತು.

"ಡಾಕ್ಟ್ರೇ, ಅಕ್ಕನ್ನ ನೋಡಿ" ಎಂದೆ.

"ನಂದೆಂತ ನೋಡೋದು? ಹೊರಗೆ ಇನ್ನೂ ಜನ ಕಾಯ್ತಿದಾರೆ" ಎಂದರು ಅಕ್ಕ. ಡಾಕ್ಟರು ಬಿಡಲಿಲ್ಲ. ಸೀರೆ ಹಿಡಿಯುವ ಕೆಲಸ ನನಗೆ ಬಂತು. ಕೊನೆಗೆ ಡಾಕ್ಟರು, "ಯಾವಾಗಿಂದ?" ಎಂದರು. ಅಕ್ಕನಿಗೆ ನೆನಪಿರಲಿಲ್ಲ.

"ಗಣೇಶನ ಹಬ್ಬದಿಂದ" ಎಂದು ಹೊರಗಿನಿಂದ ನಾನು ಹೇಳಿದೆ.

ಶಿವಮೊಗ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಬಸ್ಸು ಹತ್ತುವಾಗ ಅಕ್ಕ, "ಅಳತೆ ರವಿಕೆ ನಿನ್ನ ಹತ್ರನೇ ಇರ್ಲಿ. ಬಂದ್ಮೇಲೆ ಹೊಸದು ಹೊಲಿಸ್ತೀನಿ" ಎಂದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಷ್ಟು ಬೈಯುತ್ತಿದ್ದವರು... ಮಳೆಗಾಲ ಮುಗಿಯುವ ಮೊದಲೇ ಸುದ್ದಿ ಬಂತು.

ಆಮೇಲೆ ನಾವು ಸಾಗರಕ್ಕೆ ಬಂದೆವು. ಇಲ್ಲಿ ನಾನು ಯಾರ ಅಳತೆ ರವಿಕೆಯನ್ನೂ ಮುಟ್ಟಲಿಲ್ಲ, ಟೇಪು ಹಿಡಿದೇ ಅಳೆದೆ. ಒಂದು ಕಡೆ ಮಾತ್ರ ಬಿಚ್ಚಿ ಕೊಡಿ ಎಂದವರನ್ನು ಮೊದಲು ಆಸ್ಪತ್ರೆಗೆ ಅಟ್ಟಿದೆ. ಇವಳಿಗೆ ತಲೆ ಕೆಟ್ಟಿದೆ ಎಂದು ಬೇರೆ ಕಡೆ ಹೋದವರೂ ಇದ್ದಾರೆ, ಹೋಗಲಿ.

ಮೊನ್ನೆ ಆ ರವಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಮೈ ತಿರುವಿದೆ. ಬಲಗಡೆ ಎರಡು ಬೆರಳಷ್ಟು ಬಟ್ಟೆ ಇನ್ನೂ ಹಾಗೇ ಒಳಗೆ ಮಡಿಚಿಕೊಂಡಿದೆ. ಎಡಗಡೆ ಬಿಚ್ಚುವುದಕ್ಕೆ ಏನೂ ಉಳಿದಿಲ್ಲ.