ಮಾತಿನ ಡಾಕ್ಟರಿಗೊಬ್ಬ ಡ್ರೈವರ್

ಕಳೆದ ಮಂಗಳವಾರ ಕೊಟ್ಟೂರಿನ ಒಂದು ಮನೆಯಿಂದ ನನ್ನನ್ನು ಹೊರಗೆ ಕಳಿಸಿದರು. ಕಳಿಸಿದ್ದು ಆ ಮನೆಯವರಲ್ಲ, ನನ್ನ ಸ್ವಂತ ಮಗಳು.

ಜಗಳ ಏನಿಲ್ಲ, ಗಾಬರಿಯಾಗಬೇಡಿ. ಹೊರಗೆ ಕೂತ ಮೇಲೆ ಚಹಾ ಕೂಡ ಬಂತು. ಆದರೂ ಸ್ವಲ್ಪ ಯೋಚನೆ ಮಾಡಿ. ಹಗರಿಬೊಮ್ಮನಹಳ್ಳಿಯಲ್ಲಿ ದಿನವಿಡೀ ಗ್ಯಾರೇಜು ನಡೆಸುತ್ತಾ ಎಲ್ಲರಿಗೂ ಜೋರು ಮಾಡುವವನು ನಾನು. ವಾರಕ್ಕೊಮ್ಮೆ ಪತ್ರಿಕೆಯ ಈ ಅಂಕಣದಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವವನೂ ನಾನೇ. ಅಂಥವನು ಬಾಯಿ ಮುಚ್ಚಿಕೊಂಡು, ಚಪ್ಪಲಿ ಹುಡುಕುತ್ತಾ ಪರರ ಮನೆ ಕಟ್ಟೆಗೆ ಬಂದು ಕೂರುವುದೆಂದರೇನು?

ಮೊದಲಿನಿಂದ ಹೇಳುತ್ತೇನೆ.

ನನ್ನ ಮಗಳು ನಸ್ರೀನ್ ಸ್ಪೀಚ್ ಥೆರಪಿಸ್ಟ್. ಲಕ್ವಾ ಹೊಡೆದು ಮಾತು ಹೋದವರಿಗೆ, ಉಗ್ಗುವವರಿಗೆ, ಮಾತು ತಡವಾದ ಮಕ್ಕಳಿಗೆ ಮಾತು ಬರುವ ಹಾಗೆ ಮಾಡುವುದು ಅವಳ ಕೆಲಸ. ಇದನ್ನು ಓದುತ್ತಾಳೆ ಅಂದಾಗ ನಮ್ಮ ಸಂಬಂಧಿಕರು ನಕ್ಕಿದ್ದರು. ಮಾತಿಗೂ ಡಾಕ್ಟರಾ? ಅದೂ ನಮ್ಮ ಸೀಮೆಯಲ್ಲಿ? ಬಸ್ ಸ್ಟ್ಯಾಂಡಿನಲ್ಲಿ ಹೆಸರು ಕೇಳಿದರೆ ಅಜ್ಜನ ಅಜ್ಜನವರೆಗೂ ಹೇಳುವ ಜನ ನಾವು. ಇಲ್ಲಿ ಕಡಿಮೆ ಮಾತಾಡಿಸುವ ಡಾಕ್ಟರ್ ಇದ್ದರೆ ಬೇಕಿತ್ತು ಅಂದರು. (ನಾನೂ ನಕ್ಕಿದ್ದೆ. ಅವಳಿಗೆ ಗೊತ್ತಿಲ್ಲ, ಇವತ್ತು ಗೊತ್ತಾಗುತ್ತದೆ.)

ಓದು ಮುಗಿಸಿ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಒಂದು ವಿಷಯ ಅವಳ ಮನಸ್ಸಿಗೆ ಹತ್ತಿತು. ನಮ್ಮ ಕಡೆಯ ಪೇಶೆಂಟುಗಳು ಒಂದೆರಡು ಸಲ ಬರುತ್ತಾರೆ, ಆಮೇಲೆ ಪತ್ತೆಯೇ ಇರುವುದಿಲ್ಲ. ಬರುವುದು ಹೇಗೆ? ಎರಡು ಬಸ್ಸು ಬದಲಿಸಬೇಕು, ಜೊತೆಗೊಬ್ಬರು ಕೂಲಿ ಬಿಟ್ಟು ಬರಬೇಕು. ಮಾತೇನು ಒಂದು ಇಂಜೆಕ್ಷನ್ನಿಗೆ ಬರುವಂಥದ್ದೇ? ತಿಂಗಳುಗಟ್ಟಲೆ ಆಗಬೇಕು. ಅವರು ಬರಲಾಗದಿದ್ದರೆ ನಾನೇ ಹೋಗುತ್ತೇನೆ ಅಂತ ಹೇಳಿ, ಕೆಲಸ ಬಿಟ್ಟು ಮನೆಗೆ ಬಂದಳು. ಸೋಮವಾರ ಕೂಡ್ಲಿಗಿ, ಮಂಗಳವಾರ ಕೊಟ್ಟೂರು, ಬುಧವಾರ ನಮ್ಮೂರು, ಗುರುವಾರ ಹಡಗಲಿ, ಶುಕ್ರವಾರ ರಜೆ, ಶನಿವಾರ ಹರಪನಹಳ್ಳಿ. ಹೀಗೆ ಟೈಮ್‌ಟೇಬಲ್ ಹಾಕಿಕೊಂಡಳು.

ಅವಳ ಅಮ್ಮ ಒಂದೇ ಷರತ್ತು ಹಾಕಿದಳು. ಗುರುತಿಲ್ಲದ ಮನೆಗಳಿಗೆ ಒಬ್ಬಳೇ ಹೋಗಕೂಡದು. ಸರಿ, ಗ್ಯಾರೇಜನ್ನು ತಮ್ಮನಿಗೆ ಒಪ್ಪಿಸಿ ನಾನು ಡ್ರೈವರಾದೆ. ಸ್ಕೂಟರ್ ನನ್ನದು, ಹಿಂದಿನ ಸೀಟು ಡಾಕ್ಟರಮ್ಮನದು.

ಎಡವಟ್ಟು ಎಲ್ಲಾಯಿತು ಅಂದರೆ, ನಾನು ಅವಳ ಬ್ಯಾಗನ್ನೂ ಹಿಡಿದುಕೊಂಡೆ.

ಬಿಳಿ ಗಡ್ಡ, ಕೈಯಲ್ಲಿ ಬ್ಯಾಗು. ಯಾರಾದರೂ ಏನಂದುಕೊಳ್ಳುತ್ತಾರೆ? ಹೋದ ಮನೆಯಲ್ಲೆಲ್ಲ ನನಗೆ ಕುರ್ಚಿ, ಅವಳಿಗೆ ಚಾಪೆ. ಕೂಡ್ಲಿಗಿಯಲ್ಲಿ ಅವಳನ್ನು ನರ್ಸಮ್ಮ ಅಂದರು. ಹಡಗಲಿಯಲ್ಲಂತೂ ಒಬ್ಬ ಅಜ್ಜಿ ನನ್ನ ಮುಂದೆ ಬಂದು ನಾಲಿಗೆ ಹೊರಗೆ ಚಾಚಿ ನಿಂತರು. ನನ್ನ ಉಗುರಿನ ಸಂದಿಯಲ್ಲಿದ್ದ ಗ್ರೀಸ್ ಅವರ ಕಣ್ಣಿಗೆ ಬೀಳಲೇ ಇಲ್ಲ.

ಮೊದಮೊದಲು ತಿದ್ದುತ್ತಿದ್ದೆ. ಡಾಕ್ಟರ್ ನಾನಲ್ಲ, ನನ್ನ ಮಗಳು ಅನ್ನುತ್ತಿದ್ದೆ. ಹಾಗಂದರೂ ಜನ ಅವಳಿಗೆ ಕೇಳಬೇಕಾದ ಪ್ರಶ್ನೆಯನ್ನು ನನಗೇ ಕೇಳುತ್ತಿದ್ದರು. ಕೇಳಲಿ ಬಿಡಿ, ತಪ್ಪೇನು? ತಪ್ಪು ಏನೆಂದರೆ, ನಾನು ಉತ್ತರ ಕೊಡತೊಡಗಿದೆ. ದಿನಾ ಎಷ್ಟೊತ್ತು ಪ್ರಾಕ್ಟೀಸ್ ಮಾಡಿಸಬೇಕು? ನಾನು ಹೇಳಿದೆ. ಪಥ್ಯ ಏನಾದರೂ ಇದೆಯಾ? ಅದಕ್ಕೂ ನಾನೇ. ಮಗಳು ಒಂದು ಮಾತು ಹುಡುಕುವಷ್ಟರಲ್ಲಿ ನಾನು ಹತ್ತು ಮಾತು ಆಡಿ ಮುಗಿಸಿರುತ್ತಿದ್ದೆ. ಗ್ಯಾರೇಜಿನ ಚಾಳಿ ಅದು. ಗಿರಾಕಿ 'ಗಾಡಿ ಯಾಕೋ' ಅನ್ನುವಷ್ಟರಲ್ಲೇ ಕಾರ್ಬ್ಯುರೇಟರ್ ಅಂದುಬಿಡುವವನು ನಾನು.

ವಾಪಸ್ ಬರುವಾಗ ಅವಳು ದಾರಿಯುದ್ದಕ್ಕೂ ಮಾತಾಡುತ್ತಿರಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡಿದ್ದೆ. ಹೀಗೇ ಆದರೆ ದಾವಣಗೆರೆಗೆ ವಾಪಸ್ ಹೋಗುತ್ತೇನೆ ಅಂತ ಅಮ್ಮನ ಹತ್ತಿರ ಹೇಳಿಕೊಂಡಿದ್ದಳಂತೆ. ಜನರಿಗೆ ಇನ್ನೂ ನಂಬಿಕೆ ಬಂದಿಲ್ಲ, ಪಾಪ ಅಂತ ನಾನು ಜನರನ್ನೇ ಬೈದೆ.

ಈಗ ಕೊಟ್ಟೂರಿಗೆ ಬನ್ನಿ. ವೀರಣ್ಣ ಅಂತ, ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ರೂಟಿನಲ್ಲಿ ಅವರ ದನಿ ಕೇಳದವರಿಲ್ಲ. ಬಸ್ಸು ಕಾಣುವ ಮೊದಲೇ ಅವರು ಕೂಗುವುದು ಕೇಳುತ್ತಿತ್ತು. ಲಕ್ವಾ ಹೊಡೆದ ಮೇಲೆ ಕಾಲು ಸರಿಯಾಯಿತು, ಕೈ ಮುಕ್ಕಾಲು ಸರಿಯಾಯಿತು, ಮಾತು ಮಾತ್ರ ಬರಲಿಲ್ಲ. ನಾವು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ. ಹೇಳಬೇಕಾದ್ದೂ ಒಳಗಿದೆ. ಆದರೆ ಬಾಯಿಗೆ ಬರುವುದಿಲ್ಲ.

ಹೆಂಡತಿ ಗಂಗಮ್ಮ ಬಂಗಾರದಂಥ ಹೆಂಗಸು. ಗಂಡ ಬಾಯಿ ತೆರೆದರೆ ಸಾಕು, ನೀರಾ, ಚಹಾನಾ, ಫ್ಯಾನ್ ಹಾಕಲಾ ಅಂತ ಸಾಲಾಗಿ ಕೇಳುತ್ತಾರೆ. ವೀರಣ್ಣ ತಲೆ ಆಡಿಸಿದರೆ ಆಯಿತು. ಗಂಡನ ಮನಸ್ಸಿನಲ್ಲಿರುವುದನ್ನು ಓದುತ್ತಾಳೆ ಅಂತ ಓಣಿಯವರೆಲ್ಲ ಹೊಗಳುತ್ತಾರೆ.

ಅದೇ ಗಂಗಮ್ಮ ಅದರ ಹಿಂದಿನ ವಾರ ನಮಗೆ ಮೆತ್ತಗೆ ಹೇಳಿದ್ದರು. ಏನೂ ಗುಣ ಕಾಣುತ್ತಿಲ್ಲ, ಇನ್ನೊಂದು ವಾರ ನೋಡೋಣ, ಆಮೇಲೆ ಸಾಕು. ಅಂದರೆ ಕಳೆದ ಮಂಗಳವಾರವೇ ಕಡೆಯದು. ಅಲ್ಲಿಗೆ ವೀರಣ್ಣನ ಮಾತಿನ ಕಥೆ ಮುಗಿಯುತ್ತಿತ್ತು, ಬಹುಶಃ ನಸ್ರೀನಳ ಐದೂರಿನ ತಿರುಗಾಟವೂ.

ನಸ್ರೀನ್ ಚಿತ್ರದ ಕಾರ್ಡ್ ಹಿಡಿದು ಇದೇನು ಕಾಕಾ ಅಂತ ಕೇಳಿದಳು. ಹಸುವಿನ ಚಿತ್ರ. ವೀರಣ್ಣ ಬಾಯಿ ತೆರೆದರು. ಗಂಗಮ್ಮ ಪಕ್ಕದಿಂದ ಆಕಳಾ ಅನ್ರಿ, ಆಕಳಾ ಅಂದರು. ನಾನು ಕುರ್ಚಿಯಿಂದ, ಅವರಿಗೆ ಗೊತ್ತಾಗುತ್ತೆ, ಹೇಳಲು ಬರುವುದಿಲ್ಲ ಅಷ್ಟೇ ಅಂತ ವಿವರಣೆ ಕೊಟ್ಟೆ. ಅಮ್ಮಾ, ನೀವು ಅವಸರ ಮಾಡಬಾರದು ಅಂತ ಅವಸರದಲ್ಲೇ ಉಪದೇಶವನ್ನೂ ಮಾಡಿದೆ. ವೀರಣ್ಣ ತೆರೆದ ಬಾಯಿ ಮುಚ್ಚಿ ಗೋಡೆಯ ಕಡೆ ತಿರುಗಿ ಕೂತರು.

ನಸ್ರೀನ್ ಕಾರ್ಡುಗಳನ್ನು ಕೆಳಗಿಟ್ಟಳು.

"ಕಾಕೀ, ನೀವು ಸ್ವಲ್ಪ ಹೊರಗ ಕುಂದರ್ರಿ. ಅಬ್ಬಾ, ನೀವೂ."

ಮನೆಯಲ್ಲಿ ನಾವು ಮಾತಾಡುವುದು ನಮ್ಮ ಉರ್ದು. ಇದನ್ನು ಮಾತ್ರ ಅವಳು ಕನ್ನಡದಲ್ಲಿ ಹೇಳಿದಳು, ಇಬ್ಬರಿಗೂ ಒಟ್ಟಿಗೇ ತಿಳಿಯಲಿ ಅಂತ. ಅಷ್ಟು ಗಟ್ಟಿ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಆವತ್ತಿನವರೆಗೆ ಕೇಳಿರಲಿಲ್ಲ.

ಕಟ್ಟೆಯ ಆ ತುದಿಗೆ ಗಂಗಮ್ಮ, ಈ ತುದಿಗೆ ನಾನು. ಅವರ ಸೊಸೆ ಚಹಾ ತಂದಿಟ್ಟು ಹೋದಳು. ಗಂಗಮ್ಮ ಅದನ್ನು ಮುಟ್ಟಲಿಲ್ಲ. ನಿಮ್ಮ ಮಗಳು ಭಾಳ ಖಡಕ್ ಅಂತ ನಿಷ್ಠುರ ಮಾಡಿಯಾರು ಅಂದುಕೊಂಡೆ. ಅವರು ಬೇರೇನೋ ಹೇಳಿದರು.

"ಅವ್ರು ಬಾಯಿ ತೆಗದು ಒದ್ದಾಡಾದು ನೋಡಾಕ ಆಗಂಗಿಲ್ರೀ ಸಾಬ್ರ. ಕರುಳು ಕಿತ್ತು ಬರ್ತೈತಿ. ಅದಕ್ಕ ನಾನ ಹೇಳಿಬಿಡ್ತೀನಿ."

ನಾನು ಚಹಾದ ಲೋಟ ಕೆಳಗಿಟ್ಟೆ. ನಾನು ಮಾಡುತ್ತಿದ್ದುದೇನು? ಗುರುತಿಲ್ಲದವರ ಮುಂದೆ ಮಗಳು ಒಂದು ಕ್ಷಣ ತಡವರಿಸಿದರೆ ನನಗೂ ನೋಡಲಾಗುತ್ತಿರಲಿಲ್ಲ. ಅದಕ್ಕೇ ಅವಳ ಮಾತನ್ನು ನಾನೇ ಆಡಿ ಮುಗಿಸುತ್ತಿದ್ದೆ. ನಾವಿಬ್ಬರೂ ಪ್ರೀತಿಯಿಂದಲೇ ಮಾಡಿದ್ದು, ಸುಳ್ಳಲ್ಲ. ಆದರೆ ಒದ್ದಾಟ ತಪ್ಪಿದ್ದು ಯಾರದು? ಅವರದೋ, ನಮ್ಮದೋ?

ಗಂಗಮ್ಮ ತಡೆಯಲಾರದೆ ಒಳಗೆ ಹೋಗಲು ಎದ್ದರು. ಸ್ವಲ್ಪ ಕೂರಿ ಅಂದೆ. ಆಮೇಲೆ ನಾನೇ ಎದ್ದೆ. ಅವರು ನನ್ನನ್ನು ಕೂರಿಸಿದರು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಬಸ್ಸು ಹಾರ್ನ್ ಹಾಕುತ್ತಾ ಬಂದು ನಿಂತಿತು. ಬಸ್ ಬಂತಲ್ಲ ಕಾಕಾ, ಎಲ್ಲಿಗೆ ಹೋಗುತ್ತೆ ಅಂತ ಒಳಗೆ ನಸ್ರೀನ್ ಕೇಳಿದ್ದು ಕಿವಿಗೆ ಬಿತ್ತು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು, ಗಂಗಮ್ಮನಿಗೂ ಬಂದಿತ್ತು. ಇಬ್ಬರೂ ನುಂಗಿಕೊಂಡು ಕೂತೆವು.

"ಕೂ... ಕೂಡ್ಲಿಗಿ."

ಸಣ್ಣ ದನಿ. ಆಮೇಲೆ ಸ್ವಲ್ಪ ಎಳೆದು, ಹಳೆಯ ಧಾಟಿಯಲ್ಲಿ, "ಕೂಡ್ಲಿಗಿ, ಕೂಡ್ಲಿಗಿ, ಕೂಡ್ಲಿಗೀ..."

ಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇಕೆ? ಇಬ್ಬರೂ ಒಳಗೆ ಓಡಿದೆವು. ಓಡಿ ಏನು ಮಾಡಿದೆವು? ಹಳೆಯ ಕೆಲಸವನ್ನೇ. ಇನ್ನೊಮ್ಮೆ ಅನ್ರಿ, ನನ್ನ ಹೆಸರು ಅನ್ರಿ, ಗಂಗವ್ವಾ ಅನ್ರಿ ಅಂತ ಅವರು. ನಾನು ಆಗಲೇ ಹೇಳಿದ್ದೆನಲ್ಲ ಅಂತ ನಾನು (ಏನು ಹೇಳಿದ್ದೆನೋ ದೇವರಿಗೇ ಗೊತ್ತು).

ವೀರಣ್ಣ ಸರಿಯಿದ್ದ ಕೈಯನ್ನು ಮೇಲೆತ್ತಿದರು.

"ಹೋಲ್ಡಾನ್."

ಅಷ್ಟೇ. ಬಸ್ಸು ನಿಲ್ಲಿಸಲು ಅವರು ಕೂಗುತ್ತಿದ್ದ ಮಾತು. ಇಬ್ಬರೂ ಬ್ರೇಕ್ ಬಿದ್ದಂತೆ ನಿಂತೆವು. ಅವರು ಗಂಗಮ್ಮನ ಮುಖವನ್ನೇ ನೋಡುತ್ತಾ ತುಟಿ ಅಲ್ಲಾಡಿಸಿದರು. ಹಣೆಯಲ್ಲಿ ಬೆವರು ಬಂತು. ಹೆಸರು ಬರಲಿಲ್ಲ. ಆದರೆ ಈ ಸಲ ಗಂಗಮ್ಮ ಅದನ್ನು ಹೇಳಿಕೊಡಲೂ ಇಲ್ಲ. ಸೆರಗು ಬಿಗಿಯಾಗಿ ಹಿಡಿದು ಕಾದರು. ಕೊನೆಗೆ ವೀರಣ್ಣನೇ ಹೆಂಡತಿಯ ಕಡೆ ಬೆರಳು ತೋರಿಸಿ ನಕ್ಕರು. ಲಕ್ವಾ ಹೊಡೆದ ಮೇಲೆ ಅವರು ನಕ್ಕಿದ್ದು ಅದೇ ಮೊದಲಂತೆ.

ನಸ್ರೀನ್ ಬಿಡಿಸಿ ಹೇಳಿದಳು. ವರ್ಷಗಟ್ಟಲೆ ಕೂಗಿದ ಮಾತು ತಾನಾಗಿ ಹೊರಬರುತ್ತದೆ, ಹೊಸದಾಗಿ ಹುಡುಕಿ ಆಡುವ ಮಾತಿಗೆ ತಿಂಗಳುಗಳು ಬೇಕು. ಪೂರ್ತಿ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಆದರೆ ಅವರು ಹುಡುಕುವಷ್ಟು ಹೊತ್ತು ನೀವು ಸುಮ್ಮನಿರಬೇಕು ಅಂದಳು.

ಗಂಗಮ್ಮ ಒಂದು ಪ್ರಶ್ನೆ ಕೇಳಿದರು. ನನ್ನನ್ನಲ್ಲ, ಅವಳನ್ನು.

"ಮುಂದಿನ ಮಂಗಳವಾರ ಎಷ್ಟೊತ್ತಿಗೆ ಬರ್ತೀರಿ ಡಾಕ್ಟರಮ್ಮ?"

ನಸ್ರೀನ್ ತನ್ನ ಟೈಮ್‌ಟೇಬಲ್ ತೆಗೆದು ನೋಡತೊಡಗಿದಳು. ನಾನು ಬಾಯಿ ತೆರೆದೆ. ವೀರಣ್ಣ ನನ್ನ ಕಡೆ ನೋಡಿದರು. ಮುಚ್ಚಿಕೊಂಡೆ. ಹನ್ನೊಂದಕ್ಕೆ ಬರುತ್ತೇನೆ ಅಂತ ಅವಳೇ ಹೇಳಿದಳು, ಬ್ಯಾಗನ್ನೂ ಅವಳೇ ಎತ್ತಿಕೊಂಡಳು.

ಈ ವಾರದಿಂದ ಅವಳು ಬಸ್ಸಿನಲ್ಲಿ ಒಬ್ಬಳೇ ಹೋಗುತ್ತಿದ್ದಾಳೆ. ಅಮ್ಮನನ್ನು ಒಪ್ಪಿಸಿದ್ದೂ ಅವಳೇ. ನಾನು ಗ್ಯಾರೇಜಿಗೆ ಮರಳಿದ್ದೇನೆ. ನಿನ್ನೆ ಒಬ್ಬ ಗಿರಾಕಿ ಬಂದು 'ಗಾಡಿ ಯಾಕೋ' ಅಂದ. ಕಾದೆ. ಅವನು ಪೂರ್ತಿ ಹೇಳಿದ ಮೇಲೆ ನೋಡಿದರೆ ಅದು ಕಾರ್ಬ್ಯುರೇಟರ್ ಅಲ್ಲವೇ ಅಲ್ಲ.

ಬಸ್ಸಿಗಾದರೆ ಹೋಲ್ಡಾನ್ ಅನ್ನಲು ಕಂಡಕ್ಟರ್ ಇರುತ್ತಾನೆ, ನಿಮ್ಮ ಮನೆಯಲ್ಲಿ ನಿಮಗೆ ಯಾರಿದ್ದಾರೆ?