ಕಲ್ಲಿನ ಗುರುತು

ಮೊದಲು ರಕ್ತ ಕಂಡದ್ದು ದೀಪಾವಳಿಯ ಆಸುಪಾಸಿನಲ್ಲಿ. ಮೂಲವ್ಯಾಧಿ ಅಂದುಕೊಂಡೆ. ದೋಣಿಯ ಹಲಗೆಯ ಮೇಲೆ ಕೂತು ಕೂತು ನಮ್ಮ ಕೇರಿಯಲ್ಲಿ ಅದು ಯಾರಿಗಿಲ್ಲ? ಮಜ್ಜಿಗೆ ಕುಡಿದೆ, ಖಾರ ಬಿಟ್ಟೆ, ಯಾರೋ ಹೇಳಿದ ಬೇರು ತೇದು ಕುಡಿದೆ. ರಕ್ತ ನಿಲ್ಲಲಿಲ್ಲ. ಹೊನ್ನಾವರದ ಡಾಕ್ಟರು ಬೆರಳಿಟ್ಟು ಪರೀಕ್ಷೆ ಮಾಡಿ, ಕೈ ತೊಳೆಯುತ್ತಲೇ, "ಮಂಗಳೂರಿಗೆ ಹೋಗಿ. ತಡ ಮಾಡಬೇಡಿ" ಎಂದರು.

ಕೊಲೊನೋಸ್ಕೋಪಿ. ಬಯಾಪ್ಸಿ. ಕ್ಯಾನ್ಸರ್.

ಕರುಳಿನ ಒಂದು ತುಂಡು ಕತ್ತರಿಸಿ ತೆಗೆದರು. ಆಮೇಲೆ ಕೀಮೋ. ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ರೈಲು, ಡ್ರಿಪ್, ವಾಂತಿ, ಬಾಯಿಹುಣ್ಣು, ಮತ್ತೆ ರೈಲು. ನನ್ನ ಹೆಂಡತಿ ನಾಗವೇಣಿ ಗಂಜಿ ತುಂಬಿದ ಥರ್ಮಾಸ್ ಹಿಡಿದು ಎಲ್ಲ ಕಡೆಗೂ ಬಂದಳು. ಕಡೆಗೊಂದು ದಿನ ಡಾಕ್ಟರು ಸ್ಕ್ಯಾನ್ ನೋಡಿ "ಕ್ಲೀನ್" ಎಂದರು. ನಾಗವೇಣಿ ಅಲ್ಲೇ ಅತ್ತಳು. ನಾನೂ ಅತ್ತೆ. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ.

ಸುಸ್ತು ಎನ್ನುವ ಮಾತು ನನಗೂ ಗೊತ್ತಿತ್ತು. ದಿನವಿಡೀ ಗಾಳ ಹಾಕಿ ಬಂದವನಿಗೆ ಸುಸ್ತಾಗುತ್ತದೆ, ಉಂಡು ಮಲಗಿದರೆ ಹೋಗುತ್ತದೆ. ಇದು ಆ ಜಾತಿಯದಲ್ಲ. ಮಲಗಿ ಎದ್ದರೆ ಇನ್ನೂ ಸುಸ್ತು. ಸ್ನಾನ ಮಾಡಿ ಬಂದು ಪಂಚೆ ಉಡುವ ಮೊದಲೇ ಕೂರಬೇಕು. ಒಮ್ಮೆ ಭಟ್ಕಳದಿಂದ ಬರುವಾಗ ಬಸ್ಸಿನಲ್ಲಿ ನಿದ್ದೆ ಹತ್ತಿತು. ಹೊನ್ನಾವರ ದಾಟಿದ್ದೇ ಗೊತ್ತಾಗಲಿಲ್ಲ. ಕುಮಟಾದಲ್ಲಿ ಕಂಡಕ್ಟರ್ ಎಬ್ಬಿಸಿದಾಗ, ಭಟ್ಕಳಕ್ಕೆ ಎಂತಕ್ಕೆ ಹೋಗಿದ್ದೆ ಎನ್ನುವುದೇ ಹೊಳೆಯಲಿಲ್ಲ. ಕೈಯಲ್ಲಿ ದೋಣಿಯ ಇಂಜಿನ್ನಿನ ಹೊಸ ಪ್ಲಗ್ ಇತ್ತು. ಅದನ್ನು ನೋಡಿ ನೆನಪು ಮಾಡಿಕೊಂಡೆ.

ತಲೆಯ ಕಥೆ ಇನ್ನೂ ಕೆಟ್ಟದ್ದು. ಹಿರೇಗುತ್ತಿಯ ಮದುವೆಯೊಂದರಲ್ಲಿ ಷಡ್ಡಕನ ಹತ್ತಿರ "ಮಗಳಿಗೆ ಎಷ್ಟನೇ ಇಯತ್ತೆ?" ಎಂದು ಮತ್ತೆ ಮತ್ತೆ ಕೇಳಿದೆನಂತೆ. ನಾಗವೇಣಿ ಪಕ್ಕದಲ್ಲಿ ನಿಂತು ಕೈ ಚಿವುಟಿದಳು. ಯಾಕೆ ಚಿವುಟಿದಳೆಂದು ಅವಳ ಮೇಲೆಯೇ ಸಿಟ್ಟು ಮಾಡಿದೆ.

ಎಲ್ಲರಿಗೂ ನಾನು ಗುಣವಾದವನು. "ಎಂತ ಮಾರಾಯಾ, ಈಗ ಗಟ್ಟಿ ಕಾಣ್ತೀಯಲ್ಲ!" ಎಂದು ಬೆನ್ನು ತಟ್ಟುತ್ತಾರೆ. ಕೂದಲು ಬಂದಿದೆ, ಹೊಟ್ಟೆ ಬಂದಿದೆ, ಇನ್ನೆಂತ ಬೇಕು? ಹಾಗೆ ಹೇಳಿದವರನ್ನೆಲ್ಲ ಹಿಡಿದು ನೀರಿಗೆ ಎತ್ತಿಹಾಕಬೇಕು ಅನ್ನಿಸುತ್ತಿತ್ತು. ಅದಕ್ಕೂ ಶಕ್ತಿ ಬೇಕಲ್ಲ!

ಮಂಗಳೂರಿನ ಡಾಕ್ಟರಿಗೆ ಹೇಳಿದೆ. "ಕೀಮೋ ತೆಗೆದುಕೊಂಡ ಕೆಲವರಿಗೆ ಹೀಗಾಗುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ವರ್ಷಗಳೇ ಬೇಕು."

"ನನಗೆ?"

"ನೋಡೋಣ."

ಈ ಸಿಟ್ಟಿಗೆಲ್ಲ ಬುಡ ಯಾವುದು ಎಂದು ಹೇಳಬೇಕಾದರೆ ಕಲ್ಲಿನ ಸಂಗತಿ ಹೇಳಬೇಕು.

ಸಮುದ್ರದ ತಳದಲ್ಲಿ ಅಲ್ಲಲ್ಲಿ ಕಲ್ಲುಗಳಿವೆ. ದೊಡ್ಡ ಮೀನು ನಿಲ್ಲುವುದು ಅಲ್ಲಿ. ಮೇಲೆ ನೋಡಿದರೆ ಬರೀ ನೀರು. ಕಲ್ಲು ಎಲ್ಲಿದೆ ಎಂದು ತಿಳಿಯುವುದು ನೆಲದ ಗುರುತಿನಿಂದ. ಎರಡು ಗುರುತು ಬೇಕು. ಬಡಗು ದಿಕ್ಕಿನಲ್ಲಿ ದ್ವೀಪದ ತುದಿ ಅದರ ಹಿಂದಿನ ಗುಡ್ಡದ ಮೂಗಿಗೆ ತಾಗಬೇಕು. ಅದು ಒಂದು ಗೆರೆ. ಮೂಡು ದಿಕ್ಕಿನಲ್ಲಿ, ದಡದ ಮೇಲಿನ ಏನೋ ಒಂದು, ಘಟ್ಟದ ಸಾಲಿನ ಬಿರುಕಿಗೆ ಸರಿಯಾಗಿ ಬರಬೇಕು. ಅದು ಇನ್ನೊಂದು. ಎರಡೂ ಗೆರೆ ಕೂಡುವಲ್ಲಿ ಕಲ್ಲು. ಟ್ರಾಲರಿನವರ ಹತ್ತಿರ ಜಿಪಿಎಸ್ ಇದೆ. ಗಾಳದವರಾದ ನಮ್ಮದು ಬರೀ ಕಣ್ಣಿನ ಲೆಕ್ಕ.

ಈ ಗುರುತನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಅಪ್ಪ ಮಗನಿಗೆ ಹೇಳಿದರೆ ಹೇಳಿದ. ನನ್ನ ಅಪ್ಪ ಹೇಳಿಕೊಟ್ಟ ಕಲ್ಲು ಒಂದೇ, ನಮ್ಮ ಮನೆಯ ಅನ್ನ ಅದರದ್ದು. ನನಗಿರುವುದು ಹೆಣ್ಣುಮಕ್ಕಳು, ಅವರಿಗೆ ಹೇಳುವ ಪದ್ಧತಿ ಇಲ್ಲ. ನಾಗವೇಣಿಯ ತಮ್ಮ ಗಣಪು ಎಷ್ಟೋ ವರ್ಷದಿಂದ ನನ್ನ ದೋಣಿಯಲ್ಲಿದ್ದಾನೆ. ಕಲ್ಲು ಹತ್ತಿರವಾದಾಗ "ತಿರುಗು" ಎನ್ನುತ್ತೇನೆ. ಅವನು ದಡಕ್ಕೆ ಬೆನ್ನು ಹಾಕಿ ಪಡುವಣಕ್ಕೆ ಮುಖ ಮಾಡಿ ಕೂರುತ್ತಾನೆ. ಅದರಲ್ಲಿ ಅವಮಾನವೇನಿಲ್ಲ, ಎಲ್ಲ ದೋಣಿಯಲ್ಲೂ ಹಾಗೆಯೇ.

ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ, ಕಾಯಿಲೆಯ ನಂತರ ಮೊದಲ ಸಲ ದೋಣಿ ಇಳಿಸಿದೆವು. ಹೊರಗೆ ಹೋದೆವು. "ತಿರುಗು" ಎಂದೆ. ಗಣಪು ತಿರುಗಿದ. ದ್ವೀಪದ ತುದಿಯನ್ನು ಗುಡ್ಡದ ಮೂಗಿಗೆ ತಾಗಿಸಿದೆ. ಆಮೇಲೆ ಮೂಡಕ್ಕೆ ನೋಡಿದೆ.

ಏನೂ ಇರಲಿಲ್ಲ.

ಅಂದರೆ ಎಲ್ಲವೂ ಇತ್ತು. ತೆಂಗಿನಮರ, ಮನೆ, ಟವರು, ಮೀನು ಒಣಹಾಕುವ ಬಯಲು. ಇವುಗಳಲ್ಲಿ ಯಾವುದು? ಘಟ್ಟದ ಬಿರುಕಿನ ಕೆಳಗೆ ಯಾವುದು ಬರಬೇಕು? ದೋಣಿಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದೆ. ಗಣಪು ಬೆನ್ನು ಹಾಕಿಯೇ ಕೇಳಿದ, "ಎಂತ ಆತು ಭಾವ?"

"ಎಂತಾ ಆಗ್ಲಿಲ್ಲ. ಬಾಯಿ ಮುಚ್ಚು."

ಅವತ್ತು ಬರಿಗೈಯಲ್ಲಿ ಬಂದೆವು. ಮರುದಿನವೂ. ಮತ್ತೆ ಹೋದಾಗಲೆಲ್ಲ ಅದೇ. ನೆನಪಿದ್ದ ಒಂದೇ ಗೆರೆಯ ಮೇಲೆ ದೋಣಿ ತೇಲಿಬಿಟ್ಟು, ಸೀಸದ ಗುಂಡು ಇಳಿಸಿ ತಳ ಮುಟ್ಟುತ್ತಾ ಹುಡುಕಿದೆ. ಕೆಸರಾದರೆ ಗುಂಡು ಮೆತ್ತಗೆ ಕೂರುತ್ತದೆ, ಕಲ್ಲಾದರೆ ದಾರದಲ್ಲೇ ತಿಳಿಯುತ್ತದೆ. ಕೀಮೋದಿಂದ ಜೋಮು ಹಿಡಿದ ನನ್ನ ಬೆರಳಿಗೆ ಅದೂ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು, ದೋಣಿಯಲ್ಲೇ ಮಲಗುತ್ತಿದ್ದೆ. ಕ್ಯಾನ್ಸರ್ ಕರುಳಿನಲ್ಲಿತ್ತು. ಅಪ್ಪ ತಲೆಯಲ್ಲಿ ಇಟ್ಟುಹೋದದ್ದನ್ನು ತೆಗೆಯಲು ಈ ಡಾಕ್ಟರರಿಗೆ ಯಾರು ಹೇಳಿದ್ದರು?

ಮನೆಯಲ್ಲಿ ಇದನ್ನೆಲ್ಲ ಹೇಳಿ ತಟ್ಟೆ ದೂಡಿದೆ. ನಾಗವೇಣಿ ಅನ್ನ ಬಳಿದು ತೆಗೆಯುತ್ತಾ, "ಜೀವ ಉಳೀತು ಅಂತ ಇಲ್ಲ. ಕಲ್ಲು ಕಲ್ಲು ಅಂತ ಸಾಯ್ತೀರಿ" ಎಂದಳು. ಆಮೇಲೆ ಮೆತ್ತಗೆ, "ದಾರ ಗಣಪು ಕೈಲಿ ಕೊಡಿ. ದಾರ ಹಿಡಿಯೋಕೆ ಗುರುತು ಬೇಡ ಅಲ್ದಾ?" ಎಂದಳು.

ನನಗೆ ಹೊಳೆದಿರಲಿಲ್ಲ. ಮುಂಚೆ ಆಗಿದ್ದರೆ ಹೊಳೆಯುತ್ತಿತ್ತು.

ಮರುದಿನ ಗಣಪು ಎಂದಿನಂತೆ ಪಡುವಣಕ್ಕೆ ಮುಖ ಮಾಡಿ ದಾರ ಹಿಡಿದ. ನಾನು ಗೆರೆಯ ಮೇಲೆ ದೋಣಿ ಬಿಟ್ಟೆ. ಕೆಸರು. ಕೆಸರು. ನನಗೆ ತೂಕಡಿಕೆ.

"ಭಾವ. ಕಲ್ಲು."

ತಲೆ ಎತ್ತಿ ಮೂಡಕ್ಕೆ ನೋಡಿದೆ. ಘಟ್ಟದ ಬಿರುಕಿನ ಕೆಳಗೆ ಸರಿಯಾಗಿ ಶಾಲೆಯ ಹಂಚಿನ ಮಾಡು. ನಾನು ಏಳನೇ ಇಯತ್ತೆಯವರೆಗೆ ಓದಿದ ಶಾಲೆ. ದಿನಾ ಅದರ ಮುಂದೆಯೇ ನಡೆದು ಬಂದರಕ್ಕೆ ಹೋಗುತ್ತೇನೆ. ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಇದನ್ನೇ ಮರೆತೆನೇ? ಆಮೇಲೆ ಹೆದರಿಕೆ. ನಾಳೆಗೆ ಇದು ಉಳಿಯುತ್ತದೆಂದು ಯಾರು ಹೇಳಬೇಕು?

"ಗಣಪು, ತಿರುಗು."

"ತಿರುಗಿಯೇ ಕೂತಿದ್ದೇನೆ ಭಾವ."

"ಈಚೆಗೆ. ದಡದ ಬದಿಗೆ."

ಅವನು ಕೂಡಲೇ ತಿರುಗಲಿಲ್ಲ. ದಾರ ಹಿಡಿದ ಕೈ ಹಾಗೇ ಇತ್ತು. "ಬೇಡ ಭಾವ. ಅದು ನಿಮ್ಮ ಅಪ್ಪನ ಕಲ್ಲು."

"ಬರೀ ನನ್ನ ತಲೆಯಲ್ಲೇ ಇದ್ದರೆ ಯಾರ ಕಲ್ಲೂ ಅಲ್ಲ. ತಿರುಗು ಮಾರಾಯಾ."

ತಿರುಗಿದ. ಎರಡೂ ಗೆರೆ ತೋರಿಸಿದೆ. ಅವನ ಬಾಯಿಂದ ಹೇಳಿಸಿದೆ.

ಈಗಲೂ ಸುಸ್ತಿದೆ. ಸ್ಕ್ಯಾನ್ ಕ್ಲೀನ್ ಇದೆ. ಡಾಕ್ಟರು ಈಗಲೂ "ನೋಡೋಣ" ಎನ್ನುತ್ತಾರೆ. ಬದುಕಿದ್ದೇನೆ, ಅದನ್ನು ಅಲ್ಲಗಳೆಯುವುದಿಲ್ಲ. ಮೈ ಒಪ್ಪಿದ ದಿನ ದೋಣಿಗೆ ಹೋಗುತ್ತೇನೆ. ಇಂಜಿನ್ ಗಣಪುವಿನ ಕೈಯಲ್ಲಿ. ದೋಣಿಯ ಮುಂಭಾಗದಲ್ಲಿ, ಅವನು ಕೂರುತ್ತಿದ್ದ ಜಾಗದಲ್ಲಿ ನಾನು. ಕಲ್ಲು ಹತ್ತಿರವಾದಾಗ ಅವನು ನನಗೆ "ತಿರುಗಿ" ಎನ್ನುವುದಿಲ್ಲ. "ನೋಡಿ ಭಾವ, ಶಾಲೆಯ ಮಾಡು" ಎನ್ನುತ್ತಾನೆ. ಪ್ರತಿ ಸಲವೂ ಹೇಳುತ್ತಾನೆ, ಮೊದಲ ಸಲ ಹೇಳುವವನ ಹಾಗೆ. ನಾನು ನೋಡುತ್ತೇನೆ.