ಬರುವಾಗಲೇ ಇದ್ದ ನೆಗ್ಗು

ನನ್ನ ಕಾರಿನ ಹಿಂಬದಿಯ ಎಡಮೂಲೆಯಲ್ಲಿ, ಕೆಂಪು ದೀಪದ ಕೆಳಗೆ, ಒಂದು ನೆಗ್ಗು ಇದೆಯೆಂಬುದು ಲೋಕಕ್ಕೆ ಡಂಗುರ ಸಾರಬೇಕಾದ ಸಂಗತಿಯೇನಲ್ಲ. ಬೆಂಗಳೂರಿನಲ್ಲಿ ನೆಗ್ಗಿಲ್ಲದ ಕಾರು ಕಣ್ಣಿಗೆ ಬಿದ್ದರೆ ಅದು ಇನ್ನೂ ಅಂಗಡಿಯ ಹೊಸಿಲು ದಾಟಿಲ್ಲವೆಂದು ತಿಳಿಯಬೇಕು. ಆದರೆ ನನ್ನ ಕಾರಿನ ನೆಗ್ಗಿಗೆ ಬೇರೆಲ್ಲ ನೆಗ್ಗುಗಳಿಗಿಲ್ಲದ ಒಂದು ವೈಶಿಷ್ಟ್ಯವಿತ್ತು. ಅದು ನನ್ನದಾಗಿರಲಿಲ್ಲ.

ಆರು ವರ್ಷದ ಹಿಂದೆ ಶಿವಾಜಿನಗರದ ನಯಾಜ್ ಭಾಯ್ ಅವರಿಂದ ಈ ಕಾರನ್ನು ಕೊಂಡಾಗಲೇ ಅದು ಅಲ್ಲಿತ್ತು. ಹಳೆಯ ಕಾರುಗಳನ್ನು ರಿಪೇರಿ ಮಾಡಿ ಮಾರುವ ಆ ಸಜ್ಜನರು ಅದನ್ನು ಮುಚ್ಚಿಡದೆ ತಾವೇ ತೋರಿಸಿ, "ಇದು ಮೊದ್ಲಿನ್ ಸಾಬ್ ಮಾಡಿದ್ದು ಸಾರ್, ನಿಮ್ದು ಏನೂ ಇಲ್ಲ. ನಾಕು ಏಟು ಹೊಡೆದ್ರೆ ಹೋಗ್ಬಿಡುತ್ತೆ, ತೆಗೀಲಾ?" ಎಂದು ಕೇಳಿದ್ದರು. ಬೇಡವೆಂದೆ. ಆಗ ಅದು ಔದಾಸೀನ್ಯ. ಅದೇ ದೂರದೃಷ್ಟಿಯಾಗಿತ್ತೆಂದು ಅರಿವಾಗಲು ಒಂದು ತಿಂಗಳು ಬೇಕಾಯಿತು. ಇಂದಿರಾನಗರದ ನೂರಡಿ ರಸ್ತೆಯ ಪಬ್ಬೊಂದರ ಮುಂದೆ, ರಸ್ತೆಯಲ್ಲಿ ಇರಬಾರದ ಹೂಕುಂಡಕ್ಕೆ ಕಾರಿನ ಅದೇ ಮೂಲೆ ಉಜ್ಜಿದ ದಿನ ನನ್ನ ಹೆಂಡತಿ ವಿಮಲಾ ಬಗ್ಗಿ ನೋಡಿ, "ಇದು ಹೊಸದಲ್ವೇನ್ರೀ?" ಎಂದಳು. "ಬರುವಾಗಲೇ ಇತ್ತಲ್ಲ!" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಮಹದೇವಪುರದಲ್ಲಿ ರಸ್ತೆಯೇ ಕೆರೆಯಾದ ದಿನ ಆ ಕೆರೆಯೊಳಗೆ ತಪಸ್ಸಿಗೆ ಕೂತಿದ್ದ ಕಲ್ಲೊಂದು ಅಲ್ಲಿಯೇ ತಾಕಿದಾಗಲೂ ಅದೇ ಉತ್ತರ. ಹೀಗೆ ಆ ಅನಾಮಿಕ ಮೊದಲಿನ ಸಾಬ್, ಪಾಪ, ತಾನೆಂದೂ ಕಾಲಿಡದ ಬೀದಿಗಳಲ್ಲೂ ನನ್ನ ಪರವಾಗಿ ಡಿಕ್ಕಿ ಹೊಡೆಯುತ್ತಲೇ ಇದ್ದ.

ಇದನ್ನು ಓದುತ್ತಿರುವ ನೀವು ನನ್ನನ್ನು ಸಾಮಾನ್ಯ ಸುಳ್ಳುಗಾರನೆಂದು ಭಾವಿಸಿದರೆ ಅದು ನನ್ನ ವೃತ್ತಿಗೆ ಮಾಡಿದ ಅಪಚಾರ. ನಿವೃತ್ತನಾಗುವ ತನಕ ಮೂವತ್ತು ವರ್ಷ ನಾನು ವಿಮಾನದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟದ ಪರೀಕ್ಷಕನಾಗಿದ್ದೆ. ಇನ್‌ಸ್ಪೆಕ್ಟರ್ ಎಂಬ ಪದವಿಯನ್ನು ಕೇಳಿದ ಮಾವನವರು ಪೊಲೀಸ್ ಅಳಿಯ ಸಿಕ್ಕನೆಂದು ಹಿಗ್ಗಿದ್ದು, ನಿಜ ತಿಳಿದ ಮೇಲೆ ಕುಗ್ಗಿದ್ದು ಬೇರೆ ಕಥೆ. ನನ್ನ ಕೆಲಸ ಇಷ್ಟೇ: ದೋಷವಿರುವ ತುಂಡಿಗೆ ಕೆಂಪು ಚೀಟಿ ಕಟ್ಟಿ, ಆ ದೋಷ ಲೋಹದ ಜೊತೆ ಹೊರಗಿನಿಂದ ಬಂದದ್ದೋ ಇಲ್ಲಿ ಯಾರದೋ ಕೈಯಿಂದ ಆದದ್ದೋ ಎಂದು ಬರೆದು ಸಹಿ ಹಾಕುವುದು. ತಪ್ಪು ಮಾಡಿದವನು ಕೆಲಸಕ್ಕೆ ಸೇರಿದ ಹೊಸಬನಿರಲಿ, ನಿವೃತ್ತಿಯ ಅಂಚಿನ ಹಿರಿಯನಿರಲಿ, ಹೇಳುವ ಮಾತು ಮಾತ್ರ ಒಂದೇ: "ಬರೋವಾಗ್ಲೇ ಇತ್ತು ಸಾರ್." ನಾನು ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಗೀರಿನ ಅಂಚು ಹೊಳೆಯುತ್ತಿರುವುದನ್ನು ತೋರಿಸಿ, "ಇದು ಇವತ್ತಿಂದು ಕಣಪ್ಪಾ" ಎನ್ನುತ್ತಿದ್ದೆ. ಒಬ್ಬನನ್ನೂ ಬಿಟ್ಟವನಲ್ಲ. ಆ ಹೆಮ್ಮೆಯನ್ನು ಪೆನ್ಶನ್ನಿನ ಜೊತೆ ಮನೆಗೂ ತಂದಿದ್ದೆ.

ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ನೇರ ಎದುರಿನದು ಫಿಲೋಮಿನಾ ಟೀಚರ್ ಅವರ ಮನೆ. ನಡುವಿನ ರಸ್ತೆ ಎಷ್ಟು ಅಗಲವೆಂದರೆ ಅವರ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತದೆ. ಅವರ ಗೇಟಿನ ಎರಡು ಕಂಬಗಳ ಮೇಲೆ ಎರಡು ಸಿಮೆಂಟಿನ ಅನಾನಸ್ ಹಣ್ಣುಗಳಿವೆ. ದಂಡು ಪ್ರದೇಶದ ಯಾವುದೋ ಹಳೆಯ ಬಂಗಲೆಯ ಗೇಟಿನಲ್ಲಿ ಕಂಡದ್ದಕ್ಕೆ ಮನಸೋತು ಅವರ ದಿವಂಗತ ಪತಿ ಸ್ವಂತ ಕೈಯಿಂದ ಎರಕ ಹೊಯ್ದವು. ಬೀದಿಯವರೆಲ್ಲ ಅವನ್ನು ಹಲಸಿನಹಣ್ಣು ಎಂದೇ ತಿಳಿದಿದ್ದರು. ಟೀಚರ್ ಪ್ರತಿಸಲವೂ ತಿದ್ದುತ್ತಿದ್ದರು.

ಶನಿವಾರ ಮಧ್ಯಾಹ್ನ ಅವರ ವರಾಂಡದಲ್ಲಿ ಎಂಟು ಹತ್ತು ಮಕ್ಕಳಿಗೆ ಜ್ಞಾನೋಪದೇಶದ ಪಾಠ. ಚರ್ಚಿನಲ್ಲಿ ಮೊದಲ ಬಾರಿಗೆ ಪರಮಪ್ರಸಾದ ಸ್ವೀಕರಿಸುವ ಮಕ್ಕಳು ಅದಕ್ಕೂ ಮೊದಲು ಪಾಪನಿವೇದನೆ ಮಾಡಬೇಕಂತೆ, ಅಂದರೆ ತಮ್ಮ ತಪ್ಪುಗಳನ್ನು ಚರ್ಚಿನ ಸ್ವಾಮಿಗಳ ಮುಂದೆ ಹೇಳಿಕೊಳ್ಳಬೇಕಂತೆ, ಅದರ ತಯಾರಿ. ನಾನು ಪತ್ರಿಕೆಯ ಮರೆಯಲ್ಲಿ ಕೂತು, ದಾಖಲಾತಿಯಿಲ್ಲದ ವಿದ್ಯಾರ್ಥಿಯಾಗಿ, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಆದಾಮ, ಹವ್ವ ಹಣ್ಣು ತಿಂದದ್ದು, ಆ ಒಂದು ಅವಿಧೇಯತೆಯಿಂದ ಮನುಷ್ಯಕುಲಕ್ಕೆಲ್ಲ ಜನ್ಮಪಾಪ ಅಂಟಿದ್ದು ಕಿವಿಗೆ ಬಿದ್ದಾಗ ನನ್ನ ಮೈ ಪುಳಕಗೊಂಡಿತು. ನಮ್ಮಲ್ಲೂ ಪೂರ್ವಜನ್ಮದ ಕರ್ಮ, ಹಣೆಬರಹ, ಸಾಡೇಸಾತಿ ಎಂದು ಜವಾಬ್ದಾರಿಯನ್ನು ಜಾರಿಸಲು ಬೇಕಾದಷ್ಟು ಜಾರುಬಂಡೆಗಳಿವೆ. ಆದರೆ ಇಡೀ ಮಾನವಜನಾಂಗಕ್ಕೆ ಒಬ್ಬನೇ ಮೊದಲಿನ ಸಾಬ್ ಎಂಬ ಈ ಏರ್ಪಾಡು ಅತ್ಯಂತ ಅಚ್ಚುಕಟ್ಟಾಗಿ ಕಂಡಿತು.

ಪಾಠ ಮುಗಿದ ಮೇಲೆ ರಸ್ತೆ ದಾಟಿ ಹೋಗಿ, ಅವರು ಕೊಟ್ಟ ಕಾಫಿ ಹೀರುತ್ತ, "ಅಂದ್ರೆ ನಾವೇನೇ ಮಾಡಿದ್ರೂ ಮೂಲ ಆದಾಮನೇ ಅಲ್ವೇ ಟೀಚರ್? ಬರೋವಾಗ್ಲೇ ಇತ್ತು ಅಂದುಬಿಡಬಹುದು!" ಎಂದು ಕುಲುಕುಲು ನಕ್ಕೆ.

"ಅದು ಹಾಗಲ್ಲ ಮೂರ್ತಿಯವ್ರೇ," ಎಂದರು ಟೀಚರ್, ಏಳು ವರ್ಷದವರಿಗೆ ಹೇಳುವ ತಾಳ್ಮೆಯಲ್ಲೇ. "ಜನ್ಮಪಾಪ ನಮಗೆ ಬಂದದ್ದು, ನಾವು ಮಾಡಿದ್ದಲ್ಲ. ಜ್ಞಾನಸ್ನಾನ, ಅಂದ್ರೆ ಬ್ಯಾಪ್ಟಿಸಮ್, ಆದಾಗ ಅದು ಹೋಗುತ್ತೆ. ತಪ್ಪಿನ ಕಡೆ ವಾಲೋ ಬುದ್ಧಿ ಮಾತ್ರ ಉಳ್ಕೊಳ್ಳುತ್ತೆ. ಆದ್ರೆ ಆದಾಮನ ಪಾಪಾನ ಯಾರೂ ಸ್ವಾಮಿಗಳ ಹತ್ರ ಹೋಗಿ ಹೇಳ್ಕೊಳಲ್ಲ ರೀ. ಹೇಳ್ಕೊಳೋದು ನಾವು ಮಾಡಿದ್ದನ್ನ. ಆದಾಮನನ್ನ ಕೇಳಿದಾಗ ಹೆಂಡ್ತಿನ ತೋರಿಸ್ದ, ಅವಳು ಹಾವನ್ನ ತೋರಿಸಿದ್ಳು. ಪಾಪ, ಹಾವಿಗೆ ತೋರ್ಸೋಕೆ ಬೆರಳೇ ಇರ್ಲಿಲ್ಲ."

ಚೆನ್ನಾಗಿದೆ ಎಂದು ಮೆಚ್ಚಿ ಮನೆಗೆ ಬಂದೆ. ಮೆಚ್ಚುವುದು ಸುಲಭ.

ಮರುದಿನ ಭಾನುವಾರ, ಟೀಚರ್ ಹಲಸೂರಿನ ಕಡೆಯ ಚರ್ಚಿಗೆ ಭಾನುವಾರದ ಬಲಿಪೂಜೆಗೆಂದು ಹೋಗಿದ್ದ ಹೊತ್ತಿನಲ್ಲಿ, ನಾನು ತರಕಾರಿ ತರಲೆಂದು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಕಾರು ಕೀಂ ಕೀಂ ಎಂದು ಎಚ್ಚರಿಸುತ್ತಲೇ ಇತ್ತು. ನಾನು ಬದನೆಯೋ ಬೆಂಡೆಯೋ ಎಂಬ ಜಿಜ್ಞಾಸೆಯಲ್ಲಿದ್ದೆ. ಡಬ್ ಎಂದು ಒಂದು ಸದ್ದು, ಅದರ ಹಿಂದೆಯೇ ಇನ್ನೊಂದು ಸದ್ದು. ಇಳಿದು ನೋಡಿದರೆ ಎಡಗಂಬದ ಅನಾನಸ್ ಜುಟ್ಟು ಮುರಿದುಕೊಂಡು ರಸ್ತೆಯಲ್ಲಿ ಬಿದ್ದಿತ್ತು. ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಆಗ ನಾನು ಮಾಡಿದ ಮೊದಲ ಕೆಲಸವನ್ನು ಹೇಳಿಬಿಡುತ್ತೇನೆ, ನಾಚಿಕೆಯಾಗುತ್ತದೆ: ಹಣ್ಣನ್ನು ನೋಡಲಿಲ್ಲ, ನನ್ನ ನೆಗ್ಗನ್ನು ನೋಡಿದೆ. ಹೊಸದು ಹಳೆಯದರ ಪಕ್ಕದಲ್ಲೇ ಆಗಿ ಎರಡೂ ಕೂಡಿಕೊಂಡು ಒಂದಾಗಿದ್ದವು. ಪ್ರತ್ಯೇಕ ದೋಷವೆಂದು ಯಾವ ಪರೀಕ್ಷಕನೂ ಹೇಳಲಾರ ಎಂದು ಸಮಾಧಾನಪಟ್ಟು, ಹಣ್ಣನ್ನು ಗೋಡೆಗೆ ಒರಗಿಸಿಟ್ಟು, ಬೆಂಡೆಕಾಯಿ ತರಲು ಹೋದೆ. ಹಿಂತಿರುಗಿದವನು ಕಾರನ್ನು ಬಾಲ ಒಳಗೆ, ಮೂತಿ ಹೊರಗೆ ಮಾಡಿ ನಿಲ್ಲಿಸಿದೆ. "ಇದೇನ್ರೀ ಇವತ್ತು ತಿರುಗಿ ನಿಂತಿದೆ?" ಎಂದಳು ವಿಮಲಾ. ಬ್ಯಾಟರಿಗೆ ಒಳ್ಳೆಯದು ಎಂದೆ.

ಅಷ್ಟರಲ್ಲಿ ಬೀದಿ ತೀರ್ಪು ಕೊಟ್ಟಾಗಿತ್ತು. ಬೆಳಗ್ಗೆ ಆ ಕಡೆ ಬಂದು ಹೋದ ದೊಡ್ಡ ಗಾಡಿ ಒಂದೇ, ಕುಡಿಯುವ ನೀರಿನ ಕ್ಯಾನ್ ಹಾಕುವ ಮಲ್ಲಪ್ಪನ ಲಗೇಜ್ ಆಟೋ. ಯಾದಗಿರಿ ಕಡೆಯಿಂದ ಬಂದು ಬೀದಿಯ ಕೊನೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಇರುವ, ಐವತ್ತು ದಾಟಿದ ಮನುಷ್ಯ. ತಪ್ಪೊಪ್ಪಿಕೊಳ್ಳುವ ತನಕ ಅವನ ನೀರು ಬೇಡವೆಂದು ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ಠರಾವಾಯಿತು. ಟೀಚರ್ ಮಾತ್ರ ಆ ಠರಾವಿಗೆ ಸೇರದೆ ಮುರಿದ ಹಣ್ಣನ್ನು ಒರೆಸಿ ವರಾಂಡದಲ್ಲಿ ಇಟ್ಟುಕೊಂಡರು.

ಸೋಮವಾರ ಬೆಳಗ್ಗೆ ಮಲ್ಲಪ್ಪ ಬಂದದ್ದು ಬೇರೆ ಯಾರ ಮನೆಗೂ ಅಲ್ಲ, ನಮ್ಮ ಮನೆಗೆ.

"ಸರ, ನಾ ಹೊಡ್ದಿಲ್ರೀ. ನೀವು ವಿಮಾನ ಚೆಕ್ ಮಾಡಿದವ್ರು. ನನ್ ಗಾಡಿ ಒಮ್ಮಿ ಚೆಕ್ ಮಾಡಿ ಹೇಳ್ರಿ. ನಿಮ್ಮ ಮಾತು ಮಂದಿ ಕೇಳ್ತಾರ."

ಗುಂಪಿನಲ್ಲಿ ಸುದ್ದಿ ಹಬ್ಬಿ, ಹತ್ತು ಜನ ಸೇರಿ, ಒಳ್ಳೆಯ ಯೋಚನೆ ಎಂದರು. ವಿಮಲಾ ಭೂತಗನ್ನಡಿ ತಂದುಕೊಟ್ಟಳು. ಹೀಗೆ ಕಳ್ಳನೇ ಕಳ್ಳನನ್ನು ಹುಡುಕಲು ಹೊರಟ, ಅದೂ ಸಕಲ ಮರ್ಯಾದೆಗಳೊಂದಿಗೆ. ಆ ಆಟೋದ ಮೈಯಲ್ಲಿ ನೆಗ್ಗುಗಳಿಗೇನು ಬರವೇ! ಆದರೆ ನಾನು ಒಂದೊಂದರ ಮೇಲೆ ಗಾಜು ಹಿಡಿದಂತೆ ಮಲ್ಲಪ್ಪ ತಾನೇ ಹೇಳುತ್ತ ಹೋದ: "ಇದು ನಾ ಮಾಡಿದ್ರೀ, ಟಿನ್ ಫ್ಯಾಕ್ಟರಿ ಹತ್ರ ಬಸ್ಸಿಗೆ ಹಚ್ಚಿದೆ. ಇದೂ ನಂದ ರೀ, ನಿದ್ದಿಗಣ್ಣಾಗ ಗ್ವಾಡಿಗೆ. ಇದು ಕೆ.ಆರ್. ಪುರದಾಗ, ತಪ್ಪು ನಂದ ಇತ್ತು. ಇದೊಂದು ಮಾತ್ರ ನಾ ತಗೊಂಡಾಗ್ಲೇ ಇತ್ರಿ." ಹನ್ನೊಂದು ನೆಗ್ಗುಗಳಲ್ಲಿ ಹತ್ತನ್ನು ಆತ ತನ್ನ ಮಕ್ಕಳ ಹೆಸರು ಹೇಳುವಂತೆ ಹೇಳಿದ. ಕಂಬದ ಸುಣ್ಣ ಅಲ್ಲೆಲ್ಲೂ ಇರಲಿಲ್ಲ. ಎಲ್ಲಿತ್ತೆಂದು ನನಗೆ ಗೊತ್ತಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. "ಖಚಿತವಾಗಿ ಹೇಳಲು ಬರುವುದಿಲ್ಲ," ಎಂದೆ.

ಮೂವತ್ತು ವರ್ಷದಲ್ಲಿ ನಾನು ಹಾಕಿದ ಅತ್ಯಂತ ಹೇಡಿ ಸಹಿ ಅದು. ಇಲ್ಲವೆಂದು ಇನ್‌ಸ್ಪೆಕ್ಟರೇ ಹೇಳಲಿಲ್ಲವೆಂದರೆ ಹೌದೆಂದೇ ಅರ್ಥ ಎಂದು ಬೀದಿ ತಿಳಿಯಿತು. ಮಲ್ಲಪ್ಪ ನನಗೆ ಕೈಮುಗಿದು, ತುಂಬಿದ ಕ್ಯಾನುಗಳನ್ನು ಹಾಗೆಯೇ ಹೇರಿಕೊಂಡು ಹೋದ. ಆ ವಾರ ಇಡೀ ಬೀದಿಯಲ್ಲಿ ಅವನಿಂದ ನೀರು ತೆಗೆದುಕೊಂಡವರು ಟೀಚರ್ ಒಬ್ಬರೇ. ಅವರ ವರಾಂಡದಲ್ಲಿ ಒಂಟಿ ಜೀವಕ್ಕೆ ಬೇಡದಷ್ಟು ಕ್ಯಾನುಗಳು ಸಾಲಾಗಿ ಕೂತವು. ನನಗೆ ಬೆಂಡೆಕಾಯಿ ಹುಳಿ ರುಚಿಸಲಿಲ್ಲ, ಪತ್ರಿಕೆಯ ಪದಬಂಧ ಬಿಡಿಸಲಾಗಲಿಲ್ಲ. ನೆಗ್ಗು ಕಾರಿಗಲ್ಲ, ನನ್ನ ಎದೆಗೇ ಬಿದ್ದಂತಿತ್ತು.

ಶನಿವಾರ ಮತ್ತೆ ಪಾಠ. ಆ ದಿನದ ವಿಷಯ ಪಾಪನಿವೇದನೆ ಮಾಡುವ ಕ್ರಮ. "'ನಾನು' ಅಂತ ಶುರು ಮಾಡ್ಬೇಕು," ಎನ್ನುತ್ತಿದ್ದರು ಟೀಚರ್. "ನಮ್ಮಣ್ಣ ಹಿಂಗಂದ, ಅದಕ್ಕೇ ನಾನು ಹಂಗೆ ಮಾಡ್ದೆ ಅಂತ ಅಲ್ಲ. ಅಣ್ಣನ ಪಾಪ ಅಣ್ಣ ಹೇಳ್ಕೊತಾನೆ." ಪತ್ರಿಕೆ ಮಡಿಸಿಟ್ಟೆ. ಮಕ್ಕಳು ಹೋಗುವುದನ್ನೇ ಕಾದು ರಸ್ತೆ ದಾಟಿದೆ. ಹತ್ತು ಹೆಜ್ಜೆಯ ಆ ರಸ್ತೆ ಅಂದು ಹೊರವರ್ತುಲ ರಸ್ತೆಯಷ್ಟು ಅಗಲವಾಗಿತ್ತು.

"ಟೀಚರ್, ನಮ್ಮ ಕಾರಿಗೆ ಹಿಂದುಗಡೆ ಮೊದಲೇ ಒಂದು ನೆಗ್ಗು ಇತ್ತು. ಅದು ಆ ಮೊದಲಿನ ಸಾಬ್..."

"ಅದು ಬಿಡಿ," ಎಂದರು ಟೀಚರ್, ಕಾಫಿ ಲೋಟ ಕೆಳಗಿಟ್ಟು. "ನೀವು ಮಾಡಿದ್ದು ಹೇಳಿ."

ಹೇಳಿದೆ. ನಾನು ಎಂದು ಶುರುಮಾಡಿ, ನಾನು ಎಂದೇ ಮುಗಿಸಿದೆ. ಅವರು ಮುರಿದ ಅನಾನಸನ್ನು ಎತ್ತಿ ನನ್ನ ಮಡಿಲಲ್ಲಿಟ್ಟರು, ಮಣಭಾರ. "ನಾನು ಸ್ವಾಮಿಗಳಲ್ಲ, ಪಾಪ ಬಿಡಿಸೋ ಅಧಿಕಾರ ನನಗಿಲ್ಲ. ಹಣ್ಣು ನೀವೇ ಅಂಟ್ಸಿ. ಅದಕ್ಕಿಂತ ಮೊದ್ಲು ಮಲ್ಲಪ್ಪನ ಹತ್ರ ಹೋಗಿ," ಎಂದರು. ಗೇಟಿನ ತನಕ ಬಂದಾಗ ಹಿಂದಿನಿಂದ ಮತ್ತೆ ಅವರ ದನಿ: "ಮತ್ತೆ ಅದು ಹಲಸಿನಹಣ್ಣಲ್ಲ ರೀ. ಜುಟ್ಟು ಸರಿಯಾಗಿ ಇಡಿ."

ಹಣ್ಣನ್ನು ನಮ್ಮ ಮನೆಯಲ್ಲಿಟ್ಟು, ವಾಟ್ಸಾಪ್ ಗುಂಪಿನಲ್ಲಿ 'ಕಂಬಕ್ಕೆ ಗುದ್ದಿದ್ದು ನಾನು, ಮಲ್ಲಪ್ಪನಲ್ಲ' ಎಂದು ಬರೆದು, ಬಂದ ಎಮೋಜಿಗಳನ್ನು ನೋಡುವ ಧೈರ್ಯವಿಲ್ಲದೆ ಫೋನು ಜೇಬಿಗಿಟ್ಟು ಮಲ್ಲಪ್ಪನ ಮನೆಗೆ ನಡೆದೆ. ಅವನು ಬಾಗಿಲಲ್ಲೇ ಕೂತಿದ್ದ. ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಆತ ನನ್ನ ಮುಖವನ್ನೇ ನೋಡಿ, "ವಿಮಾನದವ್ರು ನೀವು..." ಎಂದು ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಒಳಗೆ ಕೈ ತೋರಿಸಿದ. "ನನಗ ಹೇಳೂದು ಬ್ಯಾಡ್ರಿ, ನಾ ಹೊಡ್ದಿಲ್ಲ ಅಂತ ನನಗ ಗೊತ್ತೈತಿ. ಆಕಿಗೆ ಹೇಳ್ರಿ. ಒಂದ್ ವಾರ ಆತು, ನೀನ ಹೊಡ್ದಿ ಅಂತ ಆಕಿನೂ ಅಂತಾಳ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಆ ಹೆಣ್ಣುಮಗಳ ಮುಂದೆ ನಿಂತು, ನನಗೆ ಅರವತ್ತಮೂರು ವರ್ಷವೆಂಬುದನ್ನು ಮರೆತು, "ನಾನಮ್ಮಾ, ಅವರಲ್ಲ" ಎಂದೆ. ಆಕೆಯ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಆಕೆ ನೋಡಿದ್ದು ನನ್ನನ್ನಲ್ಲ, ಬಾಗಿಲಲ್ಲಿದ್ದ ಗಂಡನನ್ನು. ಅವನ ಹೆಸರು ಅವನಿಗೆ ವಾಪಸು ಬಂತು. ಅದನ್ನು ಒಂದು ವಾರ ಅವನಿಂದ ಕಿತ್ತುಕೊಂಡಿದ್ದವನು ನಾನು, ಯಾವ ಆದಾಮನೂ ಅಲ್ಲ. ನನಗೆ ಅತ್ತುಬಿಡಬೇಕೆನಿಸಿತು. ಆಕೆ ಒಂದು ರೊಟ್ಟಿ ಕೊಟ್ಟಳು, ತಿಂದು ಬಂದೆ.

ಅನಾನಸನ್ನು ಮೂರು ದಿನ ಹೆಣಗಿ ಅಂಟಿಸಿದೆ. ಸಿಮೆಂಟ್ ಕಲಸಿಕೊಟ್ಟವನು ಮಲ್ಲಪ್ಪನೇ. ಜುಟ್ಟು ಸ್ವಲ್ಪ ವಾಲಿದೆ. ವಾಲುವ ಬುದ್ಧಿ ಉಳಿದೇ ಇರುತ್ತದೆಂದು ಟೀಚರೇ ಹೇಳಿದ್ದರಲ್ಲ ಎಂದು ವಾದಿಸಲು ಹೋಗಿ, ಅವರ ಮುಖ ನೋಡಿ ಸುಮ್ಮನಾದೆ.

ಕಳೆದ ವಾರ ಕಾರನ್ನು ಶಿವಾಜಿನಗರಕ್ಕೆ ಒಯ್ದೆ. ನಯಾಜ್ ಭಾಯ್ ಕುಕ್ಕುರುಗಾಲಲ್ಲಿ ಕೂತು, "ಎಲ್ಲಾ ಸೇರಿ ಒಂದೇ ಆಗಿದೆ ಸಾರ್. ಪೂರಾ ತೆಗ್ದುಬಿಡ್ತೀನಿ," ಎಂದರು. ಬೇಡವೆಂದೆ. ಹೆಬ್ಬೆರಳಿನಿಂದ ಗೆರೆ ಎಳೆದು, "ಮೊದಲಿನ ಸಾಬ್ ಮಾಡಿದ್ದನ್ನ ತೆಗೀರಿ ಭಾಯ್. ನಾನು ಮಾಡಿದ್ದು ಹಾಗೇ ಇರ್ಲಿ, ಸ್ವಲ್ಪ ದಿನ ಕಣ್ಣಿಗೆ ಬೀಳ್ತಿರ್ಲಿ," ಎಂದೆ. ಅವರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ, ಸುತ್ತಿಗೆ ಕೆಳಗಿಟ್ಟು, ಬೆರಳುಗಳಿಂದ ಅಳೆದು, ತಲೆ ಎತ್ತಿದರು.

"ಸಾಬ್‌ದು ಇಷ್ಟೇ ಇಷ್ಟು ಸಾರ್," ಎಂದು ಎರಡು ಬೆರಳು ತೋರಿಸಿದರು. "ಮಿಕ್ಕಿದ್ದೆಲ್ಲಾ ನಿಮ್ದೇ."

ಮೂವತ್ತು ವರ್ಷದಲ್ಲಿ ಇಷ್ಟು ನಿಖರವಾದ ವರದಿಯನ್ನು ನಾನೊಮ್ಮೆಯೂ ಬರೆದಿರಲಿಲ್ಲ. ಹೌದು ಭಾಯ್ ಎಂದೆ. ಆ ಎರಡು ಬೆರಳಷ್ಟನ್ನು ಮಾತ್ರ ಅವರು ತಟ್ಟಿ ತೆಗೆದರು. ಆದ್ದರಿಂದ ನನ್ನ ಕಾರಿನ ಹಿಂಬದಿಯ ಎಡಮೂಲೆಯಲ್ಲಿ, ಕೆಂಪು ದೀಪದ ಕೆಳಗೆ, ಈಗಲೂ ಒಂದು ನೆಗ್ಗು ಇದೆ. ಅದು ಬರುವಾಗ ಇರಲಿಲ್ಲ.